ಹಿನ್ನೆಲೆ ಹುಡುಕುತ್ತಾ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ

ಬುಧವಾರ

ಜರ್ಮನಿಯ ಕೋಲ್ನ್ ನಗರದಿಂದ ನ್ಯೂರ್‌ಬರ್ಗ್‌ರಿಂಗ್ ಎಂಬ ಕಾರು ರೇಸ್ ಟ್ರ್ಯಾಕ್‌ಗೆ ಸುಮಾರು 90 ಕಿಲೋಮೀಟರ್. ಹೆದ್ದಾರಿಯನ್ನು ಬಿಟ್ಟು ಆಹ್ರ್ ನದಿಯ ಕಣಿವೆಯ ದಾರಿ ಹಿಡಿದೆ. 2021ರ ಜುಲೈ ತಿಂಗಳ ಪ್ರವಾಹದಲ್ಲಿ ನೂರಮೂವತ್ತಕ್ಕೂ ಹೆಚ್ಚು ಜನ ಸತ್ತ ಕಣಿವೆ ಇದು. ಈಗ 2023ರ ಮೇ. ದ್ರಾಕ್ಷಿ ತೋಟಗಳು ಹಸಿರಾಗಿವೆ, ಆದರೆ ನದಿ ದಾಟುವುದು ಇನ್ನೂ ತಾತ್ಕಾಲಿಕ ಸೇತುವೆಗಳ ಮೇಲೆಯೇ. ನಿಧಾನವಾಗಿ ಹೋಗಬೇಕಾದ ದಾರಿ, ನಿಧಾನವಾಗಿಯೇ ಹೋದೆ.

ಆಡೆನಾವ್ ಪಟ್ಟಣ ತಲುಪುವ ಹೊತ್ತಿಗೆ ಪೇಟೆಬೀದಿ ಆಗಲೇ ತುಂಬಿತ್ತು. ಆ ಟ್ರ್ಯಾಕ್‌ನಲ್ಲಿ ನಡೆಯುವ, ನಾನು ಚಿತ್ರ ತೆಗೆಯಲು ಬಂದಿದ್ದ 24 ಗಂಟೆಗಳ ಸ್ಪರ್ಧೆಗೆ ಮುನ್ನ ಬುಧವಾರ ರೇಸ್ ಕಾರುಗಳು ಈ ಊರಿಗೆ ಬರುವುದು ಪದ್ಧತಿ. ಮರದ ತೊಲೆಗಳ ಹಳೆಯ ಮನೆಗಳ ನಡುವೆ ಚಾಲಕರು ಹಸ್ತಾಕ್ಷರ ಹಾಕುತ್ತಾ ಕುಳಿತಿರುತ್ತಾರೆ. ಮಧ್ಯೆ ಒಬ್ಬಿಬ್ಬರು ಬ್ರೇಕ್ ಒತ್ತಿಹಿಡಿದು ಹಿಂದಿನ ಚಕ್ರಗಳನ್ನು ಗರಗರನೆ ತಿರುಗಿಸಿ, ಇಡೀ ಬೀದಿಗೆ ಟೈರಿನ ಹೊಗೆ ಹಾಕುತ್ತಾರೆ. ಛಾಯಾಗ್ರಾಹಕನಿಗೆ ಇದು ಒಳ್ಳೆಯ ಪೀಠಿಕೆ. ಕಾರು ನಿಂತಿದೆ, ಚಕ್ರ ಮಾತ್ರ ಓಡುತ್ತಿದೆ. ಕ್ಯಾಮೆರಾವನ್ನು ಒಂದು ಕಂಬಕ್ಕೆ ಒತ್ತಿ ಹಿಡಿದು ಬೆಳಕು ಒಳಬಿಡುವ ಶಟರನ್ನು 1/8 ಸೆಕೆಂಡು ತೆರೆದಿಟ್ಟರೆ ಕಾರಿನ ಮೈ ಚೂಪಾಗಿ ಉಳಿಯುತ್ತದೆ, ಹೊಗೆ ಹಾಲಿನಂತೆ ಹರಿಯುತ್ತದೆ, ಚಕ್ರ ಬೂದು ಬಣ್ಣದ ತಟ್ಟೆಯಾಗುತ್ತದೆ. ಪಕ್ಕದಲ್ಲಿದ್ದವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಕ್ಷಣದಲ್ಲೇ ಚಿತ್ರ ತೆಗೆಯುವ ಅವುಗಳಲ್ಲಿ ಸಿಕ್ಕಿದ್ದು ಹೊಗೆಯ ಮೋಡದಲ್ಲಿ ನಿಲ್ಲಿಸಿಟ್ಟ ಕಾರು. ನೋಡಿದವರು ಇಂಜಿನ್ ಕೆಟ್ಟಿದೆ ಎಂದುಕೊಂಡಾರು.

ಸಂಜೆ ಬ್ರ್ಯೂನ್‌ಶೆನ್ ಎಂಬ ತಿರುವಿನ ಬಳಿಯ ಇಳಿಜಾರಿನಲ್ಲಿ ಡೇರೆ ಹಾಕಿದೆ. ಡೇರೆ ಎಂದು ನಾನು ಹೇಳಬೇಕು ಅಷ್ಟೇ. ಸುತ್ತಲಿನವರು ಊರನ್ನೇ ಕಟ್ಟಿದ್ದರು. ಕಟ್ಟಡ ಕೆಲಸದ ಕಬ್ಬಿಣದ ಅಟ್ಟಣಿಗೆಗಳನ್ನು ಲಾರಿಯಲ್ಲಿ ತಂದು ಜೋಡಿಸಿ, ಬೇಲಿಗಿಂತ ಎತ್ತರಕ್ಕೆ ಏರಿಸಿ, ಮೇಲೆ ಸೋಫಾ, ರೆಫ್ರಿಜರೇಟರ್, ಬಣ್ಣದ ದೀಪದ ಸರ. ನನ್ನ ನೆರೆಯವರು ಆಖೆನ್‌ನಿಂದ ಬಂದ ನಿವೃತ್ತ ಬಸ್ ಚಾಲಕ ಮತ್ತು ಅವರ ಹೆಂಡತಿ. ಬೆಂಗಳೂರು ಎಂದ ಕೂಡಲೇ ಅವರು ಹೇಳಿದ್ದು ‘ಮೈನಿ!’ ಎಂದು. ಸಾಫ್ಟ್‌ವೇರ್ ಬಿಟ್ಟು ಬೇರೆ ಕಾರಣಕ್ಕೆ ನಮ್ಮ ಊರನ್ನು ಗುರುತಿಸಿದ ಜರ್ಮನ್ ಇವರೊಬ್ಬರೇ. ಬೆಂಗಳೂರಿನ ಅರ್ಜುನ್ ಮೈನಿ 2021ರಿಂದ ಡಿಟಿಎಂ ಎಂಬ ಜರ್ಮನಿಯ ಕಾರು ರೇಸ್ ಸರಣಿಯಲ್ಲಿ ಮರ್ಸಿಡಿಸ್ ಓಡಿಸುತ್ತಿದ್ದರು, ಆ ಸರಣಿ ಇಲ್ಲಿಗೂ ಬರುತ್ತದೆ. ಆ ಒಂದು ಹೆಸರಿನ ಪುಣ್ಯದಿಂದ ನನಗೆ ಅಟ್ಟಣಿಗೆಯ ಮೇಲೆ ನಿಲ್ಲಲು ಜಾಗ ಸಿಕ್ಕಿತು.

ಗುರುವಾರ

ಯೇಸುವಿನ ಸ್ವರ್ಗಾರೋಹಣದ ಹಬ್ಬ, ದೇಶಕ್ಕೆಲ್ಲ ರಜೆ. ಅರ್ಹತಾ ಸುತ್ತು ಮಧ್ಯಾಹ್ನಕ್ಕೆ. ಬೆಳಿಗ್ಗೆಯೆಲ್ಲ ಬೇಲಿಯ ಉದ್ದಕ್ಕೂ ಕಾಡಿನ ಕಾಲುದಾರಿಯಲ್ಲಿ ನಡೆದೆ. ಕಾರುಗಳು ಇಲ್ಲದ ಹೊತ್ತೇ ಈ ಕೆಲಸಕ್ಕೆ ಸರಿ, ಏಕೆಂದರೆ ನಾನು ಹುಡುಕುತ್ತಿದ್ದದ್ದು ಹಿನ್ನೆಲೆಗಳನ್ನು.

ಪ್ಯಾನಿಂಗ್ ಎಂದರೆ ಕಾರಿನ ಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತಾ ನಿಧಾನದ ಶಟರ್‌ನಲ್ಲಿ ಚಿತ್ರ ತೆಗೆಯುವುದು. ಕಾರು ಸ್ಪಷ್ಟವಾಗಿ ಉಳಿದು ಉಳಿದ ಲೋಕವೆಲ್ಲ ಗೆರೆಗಳಾಗುತ್ತದೆ. ಇದನ್ನು ಕಲಿಸುವವರೆಲ್ಲ ಕಾರಿನ ಬಗ್ಗೆ, ಕೈಯ ಬಗ್ಗೆ, ಶಟರ್ ಬಗ್ಗೆ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅಂಥ ಚಿತ್ರದಲ್ಲಿ ಮುಕ್ಕಾಲು ಪಾಲು ಜಾಗ ಹಿನ್ನೆಲೆಯದು. ಗೆರೆಗಳಿಗೆ ಬಣ್ಣ ಬರುವುದು ಅಲ್ಲಿಂದ. ಆದ್ದರಿಂದ ಮೊದಲು ಹಿನ್ನೆಲೆಯನ್ನು ಆರಿಸಬೇಕು. ಕಾರುಗಳು ಹೇಗೂ ಬರುತ್ತವೆ. ಇಲ್ಲಂತೂ ನೂರಕ್ಕೂ ಹೆಚ್ಚು.

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದ ಜಾಕಿ ಸ್ಟೀವರ್ಟ್ ಈ ಟ್ರ್ಯಾಕ್‌ಗೆ ‘ಹಸಿರು ನರಕ’ ಎಂದು ಹೆಸರಿಟ್ಟದ್ದು ಚಾಲಕರ ಪಾಡು ತಿಳಿದು. 1927ರಲ್ಲಿ ತೆರೆದ ಈ ರಸ್ತೆ ಕಾಡಿನೊಳಗೆ ಏರುತ್ತಾ, ಇಳಿಯುತ್ತಾ, ಕುರುಡು ತಿರುವುಗಳಲ್ಲಿ ಸುತ್ತುತ್ತದೆ. ಹಳೆಯ ಉತ್ತರ ಸುತ್ತೊಂದೇ 20.8 ಕಿ.ಮೀ.; 24 ಗಂಟೆಗಳ ಸ್ಪರ್ಧೆಗೆ ಹೊಸ ಗ್ರ್ಯಾನ್ ಪ್ರಿ ಟ್ರ್ಯಾಕ್ ಸೇರಿ 25.378 ಕಿ.ಮೀ. ಆದರೆ ಆ ಹಸಿರು ನನ್ನಂಥವನಿಗೂ ತೊಂದರೆಯೇ. ಒಂದೇ ಬಣ್ಣದ ಪೊದೆಯ ಮುಂದೆ ಕಾರನ್ನು ಪ್ಯಾನ್ ಮಾಡಿದರೆ ಹಸಿರು ಹಸಿರಿನಲ್ಲೇ ಕಲಸಿಹೋಗುತ್ತದೆ. ಸ್ಟುಡಿಯೊದ ಪರದೆಯ ಮುಂದೆ ಕಾರು ಇಟ್ಟಂತೆ, ವೇಗವೇ ಇಲ್ಲ. ಗೆರೆ ಮೂಡಬೇಕಾದರೆ ಹಿನ್ನೆಲೆಯಲ್ಲಿ ಬೆಳಕು–ಕತ್ತಲೆಯ ಜಗಳ ಇರಬೇಕು. ಬೀಚ್ ಮರಗಳ ಬೂದು ಕಾಂಡಗಳು, ಎಲೆಗಳ ಸಂದಿನಿಂದ ಬೀಳುವ ಬಿಸಿಲು, ಕೆಂಪು ಬಾವುಟ, ಬಿಳಿ ಡೇರೆ, ಹಳದಿ ಜಾಕೆಟ್ ತೊಟ್ಟ ಮನುಷ್ಯ ಇದ್ದರೆ ಸರಿ.

ಇನ್ನೊಂದು ವಿಚಿತ್ರವನ್ನು ಕಣ್ಣಿಟ್ಟು ನೋಡಬೇಕು. ಅಡ್ಡಕ್ಕೆ ತಿರುಗುವ ಕ್ಯಾಮೆರಾ ಲಂಬವಾದುದನ್ನೆಲ್ಲ ಅಳಿಸಿಬಿಡುತ್ತದೆ: ಕಂಬ, ಮರ, ನಿಂತ ಮನುಷ್ಯ. ಅಡ್ಡಕ್ಕೆ ಮಲಗಿರುವುದನ್ನು ಅದು ಮುಟ್ಟುವುದೇ ಇಲ್ಲ, ಏಕೆಂದರೆ ಅಡ್ಡಗೆರೆ ತನ್ನ ಮೇಲೆಯೇ ಜಾರುತ್ತದೆ. ಟ್ರ್ಯಾಕ್‌ನ ಅಂಚಿನ ಲೋಹದ ತಡೆಪಟ್ಟಿ ಅದಕ್ಕೇ ಎಷ್ಟು ನಿಧಾನದ ಶಟರ್‌ನಲ್ಲೂ ಗೀಟು ಎಳೆದಂತೆ ಉಳಿಯುತ್ತದೆ. ಅದು ಕಾರಿನ ಕಿಟಕಿಯ ಮಟ್ಟಕ್ಕೆ ಬಂದರೆ ಚಾಲಕನ ತಲೆಯನ್ನು ಕತ್ತರಿಸಿದಂತೆ ಕಾಣುತ್ತದೆ, ಚಕ್ರದ ಮಟ್ಟಕ್ಕೆ ಬಂದರೆ ಚಿತ್ರಕ್ಕೆ ನೆಲ ಕೊಡುತ್ತದೆ. ಒಂದು ಹೆಜ್ಜೆ ಮೇಲೆ ಹತ್ತಿದರೆ ಅಥವಾ ಕೆಳಗೆ ಇಳಿದರೆ ಸಾಕು. ನನ್ನ ಬೆಳಗಿನ ನಡಿಗೆಯ ಬಹುಪಾಲು ಹೀಗೆ ಹತ್ತಿ ಇಳಿಯುವುದರಲ್ಲೇ ಕಳೆಯಿತು. ಹಿನ್ನೆಲೆ ದೂರದಲ್ಲಿದ್ದಷ್ಟೂ ಗೆರೆ ಉದ್ದ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಕ್ಯಾಮೆರಾ ಎಷ್ಟು ಕೋನ ತಿರುಗಿತೋ ಗೆರೆ ಅಷ್ಟೇ ಉದ್ದ. ಮರ ಹತ್ತು ಮೀಟರ್ ಆಚೆ ಇರಲಿ, ಗುಡ್ಡದ ನೆತ್ತಿಯಲ್ಲಿರಲಿ. ದೂರದ ವಸ್ತುಗಳು ಸಣ್ಣವಾದ್ದರಿಂದ ಗೆರೆಗಳು ಎಳೆಎಳೆಯಾಗಿ ಬರುತ್ತವೆ, ಹತ್ತಿರದವು ಅಗಲವಾದ ಪಟ್ಟೆಗಳಾಗುತ್ತವೆ, ಅಷ್ಟೇ ವ್ಯತ್ಯಾಸ.

ಮಧ್ಯಾಹ್ನ ಮೊದಲ ಕಾರುಗಳು ಬಂದವು. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. 1/1000 ಸೆಕೆಂಡಿನಲ್ಲಿ ಕಾರು ಐದು ಸೆಂಟಿಮೀಟರ್ ಸರಿಯುತ್ತದೆ, ಚಕ್ರ ತಿರುಗುವುದು ಎಂಟು ಡಿಗ್ರಿ ಇರಬಹುದು. ಚಕ್ರದ ಕಡ್ಡಿಗಳನ್ನು ಎಣಿಸಬಹುದಾದ ಆ ಚಿತ್ರದಲ್ಲಿ ಕಾರು ರಸ್ತೆಯ ಮೇಲೆ ಬಿಟ್ಟುಹೋದ ವಾಹನದಂತೆ ಕಾಣುತ್ತದೆ. 1/60ಕ್ಕೆ ಇಳಿದರೆ ಚಕ್ರ ಮೂರನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಅಲ್ಲಿಂದ ಜೀವ ಶುರು. 1/30ರಲ್ಲಿ, 20 ಮೀಟರ್ ದೂರದಲ್ಲಿ ಹಾದುಹೋಗುವ ಕಾರನ್ನು 100 ಮಿ.ಮೀ. ಲೆನ್ಸಿನಲ್ಲಿ ಹಿಂಬಾಲಿಸಿದರೆ ಹಿನ್ನೆಲೆಯ ಪ್ರತಿಯೊಂದು ಚುಕ್ಕೆಯೂ ಚೌಕಟ್ಟಿನ ಕಾಲು ಭಾಗದಷ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ. ನನ್ನ ಮನಸ್ಸಿಗೆ ಒಪ್ಪುವ ಜಾಗ ಅದು. ಇಲ್ಲಿನ ಸ್ಪರ್ಧೆಯಲ್ಲಿ ಪೋರ್ಶೆ 911, ಫೆರಾರಿಗಳ ನಡುವೆ ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳೂ ಓಡುತ್ತವೆ. ಅವು ಬಂದಾಗ ಅದೇ 1/30 ಸಾಲದು, 1/15ಕ್ಕೆ ಇಳಿಯಬೇಕು. ಬಡವರ ಕಾರಿಗೆ ಹೆಚ್ಚು ಸಮಯ ಕೊಡಬೇಕೆಂಬ ನ್ಯಾಯ ನನಗೆ ಹಿಡಿಸಿತು.

ಬೇಲಿಯ ಸಮಸ್ಯೆ ಪ್ರೇಕ್ಷಕರದೇ ಸಮಸ್ಯೆ. ಪತ್ರಿಕಾ ಛಾಯಾಗ್ರಾಹಕರು ಅದರ ಆಚೆ ಇರುತ್ತಾರೆ. ಲೆನ್ಸನ್ನು ಜಾಲರಿಗೆ ಅಂಟಿಸಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯನ್ನು, ಪೂರ್ತಿ ತೆರೆದರೆ ತಂತಿ ಕರಗಿಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ನಿಧಾನದ ಶಟರ್ ಬೇಕೆಂದರೆ ಅಪರ್ಚರ್ ಕಿರಿದಾಗಲೇಬೇಕು. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆಂಬ ಅಳತೆ) 100ರಲ್ಲಿ ಒಳ್ಳೆಯ ಬಿಸಿಲಿಗೆ 1/100, ಎಫ್/16 ಎಂಬುದು ಹಳೆಯ ಲೆಕ್ಕ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಅದರಂತೆ 1/25ಕ್ಕೆ ಎಫ್/32 ಬೇಕು. ಅಷ್ಟು ಕಿರಿದಾದರೆ ಇಡೀ ಚಿತ್ರ ಮೃದುವಾಗುತ್ತದೆ, ಸೆನ್ಸರ್ ಮೇಲಿನ ಧೂಳಿನ ಕಣಗಳೆಲ್ಲ ಆಕಾಶದಲ್ಲಿ ಹಾಜರಿ ಹಾಕುತ್ತವೆ, ಬೇಲಿ ಬೂದು ಮುಸುಕಿನಂತೆ ಚಿತ್ರದ ಮೇಲೆ ಹರಡುತ್ತದೆ. ಪರಿಹಾರ ಒಂದು ಕಪ್ಪು ಗಾಜು. 64 ಪಟ್ಟು ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಹಾಕಿದರೆ ಅದೇ 1/25ಕ್ಕೆ ಎಫ್/4 ಸಾಕು, ಬೇಲಿ ಮಾಯ. ಅಟ್ಟಣಿಗೆಯ ಮೇಲೆ ಬೇಲಿಯೇ ಅಡ್ಡ ಬರುವುದಿಲ್ಲ, ನಿಜ. ಆದರೆ ಅಲ್ಲಿಂದ ಕಾಣುವ ಹಿನ್ನೆಲೆ ಬರಿಯ ಡಾಂಬರು. ಡಾಂಬರಿನ ಗೆರೆಗಳೂ ಚೆನ್ನ, ಎರಡು ಚಿತ್ರಗಳ ಮಟ್ಟಿಗೆ.

ಕಾರಿನ ಎಲ್ಲ ಭಾಗವೂ ಚೂಪಾಗಿ ಬರುವುದಿಲ್ಲ, ಬರಬೇಕಿಲ್ಲ. ಪಕ್ಕದಿಂದ ಹಾದುಹೋಗುವ ಕಾರಿನಲ್ಲಿ ನಮಗೆ ಅತಿ ಹತ್ತಿರದ ಭಾಗ ಕಣ್ಣಿಗೆ ಅತಿ ವೇಗವಾಗಿ ಸರಿಯುತ್ತದೆ. ಮೂತಿಯೂ ಬಾಲವೂ ಬೇರೆ ವೇಗದವು. ಕ್ಯಾಮೆರಾ ಒಂದನ್ನು ಮಾತ್ರ ಹಿಂಬಾಲಿಸಬಲ್ಲದು. 1/15ರಲ್ಲಿ ನಾನು ಚಾಲಕನ ಹೆಲ್ಮೆಟ್ ಆರಿಸಿಕೊಂಡೆ. ಹೆಲ್ಮೆಟ್ ಉಳಿಯಿತು, ಬಾಗಿಲಿನ ಸಂಖ್ಯೆ ಓದಲು ಬಂತು, ಹಿಂದಿನ ರೆಕ್ಕೆ ಗಾಳಿಯಲ್ಲಿ ಕರಗಿತು. ಕಂಪ್ಯೂಟರಿನಲ್ಲಿ ಆಮೇಲೆ ಮಸುಕು ಬಳಿಯುವವರ ಚಿತ್ರಗಳು ಸಿಕ್ಕಿಬೀಳುವುದು ಇಲ್ಲಿಯೇ. ಅವರ ಕಾರು ಮೂತಿಯಿಂದ ಬಾಲದವರೆಗೆ ಕತ್ತರಿಸಿ ಅಂಟಿಸಿದಷ್ಟು ಚೂಪು.

ರಾತ್ರಿ ಎಂಟಕ್ಕೆ ಎರಡನೇ ಅರ್ಹತಾ ಸುತ್ತು. ಪೂರ್ತಿ ಕತ್ತಲಾದ ಮೇಲೆ ಟ್ರೈಪಾಡ್ ಹಾಕಿ, ಶಟರನ್ನು ಎಂಟು ಸೆಕೆಂಡು ತೆರೆದಿಟ್ಟೆ. ಕಾರುಗಳೇ ಕಾಣದೆ ಅವುಗಳ ದಾರಿ ಮಾತ್ರ ಕಾಣುವ ಚಿತ್ರಗಳು ಬಂದವು. ಬಿಳಿ ಗೆರೆ ಬಂದ ದಾರಿಯದು, ಕೆಂಪು ಗೆರೆ ಹೋದ ದಾರಿಯದು. ಮುಂಚೂಣಿಯ ಕಾರುಗಳ ಗಾಜಿನೊಳಗೆ ಮಿನುಗುವ ನೀಲಿ ದೀಪ ಇರುತ್ತದೆ. ನಿಧಾನದ ಕಾರುಗಳು ದಾರಿ ಬಿಡಲೆಂದು. ಉಳಿದ ದೀಪಗಳು ಅಖಂಡ ಗೆರೆ ಎಳೆದರೆ ಇದು ಹೊಲಿಗೆಯ ಟಾಕು ಹಾಕುತ್ತಾ ಹೋಗುತ್ತದೆ. ಒಂದೇ ತಿರುವಿನಲ್ಲಿ ಎರಡು ಗೆರೆಗಳು ಬೇರೆಯಾದವೆಂದರೆ ಇಬ್ಬರು ಚಾಲಕರು ಬೇರೆ ದಾರಿ ಹಿಡಿದರೆಂದು ಲೆಕ್ಕ. ಹಿಂದಿಕ್ಕುವ ಯತ್ನದ ನಕ್ಷೆ ಇದಕ್ಕಿಂತ ಚೆನ್ನಾಗಿ ಸಿಗಲಾರದು.

ಶುಕ್ರವಾರ

ಸಂಜೆಯ ಅಗ್ರ ಅರ್ಹತಾ ಸುತ್ತಿನವರೆಗೆ ನೋಡಲು ಹೆಚ್ಚಿಲ್ಲ. ಕರುಸೆಲ್ ತಿರುವಿಗೆ ಹೋದೆ. ಕಾಂಕ್ರೀಟ್ ಹಾಸಿದ, ಒಳಕ್ಕೆ ವಾಲಿದ ಬಾಣಲೆಯಂಥ ತಿರುವು. ಕಾರುಗಳು ಒಂದು ಬದಿಗೆ ಧೊಪ್ಪನೆ ಬಿದ್ದು, ಹಾಸುಗಳ ಮೇಲೆ ದಡದಡ ಕುಣಿದು, ಎಗರಿ ಹೊರಬರುತ್ತವೆ. ಪ್ರಸಿದ್ಧ ಸ್ಥಳ, ಪ್ಯಾನಿಂಗ್‌ಗೆ ಕೆಟ್ಟ ಸ್ಥಳ. ಕಾರು ಅಡ್ಡಕ್ಕೆ ಮಾತ್ರ ಚಲಿಸಿದರೆ ಕೈ ಹಿಂಬಾಲಿಸುತ್ತದೆ. ಇಲ್ಲಿ ಅದು ಮೇಲೆ ಕೆಳಗೂ ನಡುಗುತ್ತದೆ. 1/30ರಲ್ಲಿ ಕಾರಿಗೆ ಎರಡೆರಡು ಛಾವಣಿ ಮೂಡುತ್ತವೆ. ಲೆನ್ಸಿನ ಕಂಪನ ನಿವಾರಕ ನಮ್ಮ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಕಾರಿನದನ್ನಲ್ಲ. ಅಲ್ಲಿ ಕ್ಯಾಮೆರಾವನ್ನು ಅಲುಗಾಡಿಸದೆ ಹಿಡಿದು, ಕಾಂಕ್ರೀಟ್ ಹಾಸುಗಳನ್ನು ಚೂಪಾಗಿ ಇಟ್ಟು, ಕಾರು ಬಣ್ಣದ ಅಲೆಯಾಗಿ ಹಾದುಹೋಗಲು ಬಿಟ್ಟದ್ದೇ ಸರಿಯಾಯಿತು. ಅಲೆಯ ಮೇಲಂಚು ಗರಗಸದಂತೆ ಇತ್ತು, ಪ್ರತಿ ಹಲ್ಲೂ ಒಂದು ನೆಗೆತ.

ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿ ಪ್ಯಾನ್ ಮಾಡಿದರೆ ಹಿನ್ನೆಲೆಯ ಕಂಬಗಳು ಓರೆಯಾಗುತ್ತವೆ. ಚಿತ್ರ ಒಂದೇ ಏಟಿಗೆ ದಾಖಲಾಗದೆ ಸಾಲುಸಾಲಾಗಿ ದಾಖಲಾಗುವುದು ಕಾರಣ. ಇದನ್ನು ದೋಷವೆಂದು ದೂರುವವರಿಗೆ ಝಾಕ್ ಆಂರಿ ಲಾರ್ಟೀಗ್ ತೆಗೆದ ಚಿತ್ರವನ್ನು ತೋರಿಸಬೇಕು. 1910ರ ದಶಕದ ಆರಂಭದಲ್ಲಿ, ಹದಿಹರೆಯ ದಾಟುತ್ತಿದ್ದ ಆ ಫ್ರೆಂಚ್ ಹುಡುಗ ಗ್ರ್ಯಾನ್ ಪ್ರಿಯಲ್ಲಿ ಓಡುತ್ತಿದ್ದ ಕಾರಿನ ಜೊತೆ ಕ್ಯಾಮೆರಾ ತಿರುಗಿಸಿದ. ಶಟರಿನ ಸೀಳು ನಿಧಾನವಾಗಿ ಸರಿಯಿತು, ಅವನ ಕೈ ಕಾರಿನಷ್ಟು ವೇಗವಾಗಿ ತಿರುಗಲಿಲ್ಲ. ಹಾಗಾಗಿ ಚಕ್ರ ಮೊಟ್ಟೆಯಾಕಾರದಲ್ಲಿ ಮುಂದಕ್ಕೆ ವಾಲಿತು, ರಸ್ತೆಬದಿಯ ಜನ ಹಿಂದಕ್ಕೆ ವಾಲಿದರು. ಅರ್ಧ ಕಾರು ಚೌಕಟ್ಟಿನ ಹೊರಗೆ. ದಶಕಗಳ ನಂತರ, 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ ಕೃತಿಗಳನ್ನು ಪ್ರದರ್ಶಿಸಿದ ಮೇಲೆ ಜಗತ್ತು ಅವನನ್ನು ಗುರುತಿಸಿತು. ವೇಗದ ಚಿತ್ರವೆಂದರೆ ಇಂದಿಗೂ ಮೊದಲು ನೆನಪಾಗುವುದು ಅದೇ. ವ್ಯಂಗ್ಯಚಿತ್ರಗಳಲ್ಲಿ ಓಡುವ ಕಾರಿನ ಚಕ್ರ ಮುಂದಕ್ಕೆ ವಾಲಿರುವುದನ್ನು ನೀವೂ ನೋಡಿರುತ್ತೀರಿ.

ಶನಿವಾರ

ಸಂಜೆ ನಾಲ್ಕಕ್ಕೆ ಆರಂಭ. ಕಾರುಗಳು ಮೂರು ಗುಂಪುಗಳಾಗಿ ಹೊರಡುತ್ತವೆ. ಬ್ರ್ಯೂನ್‌ಶೆನ್‌ನಲ್ಲಿ ನಿಂತವರಿಗೆ ಮೊದಲು ಹೆಲಿಕಾಪ್ಟರ್ ಕಾಣುತ್ತದೆ, ನಂತರ ಕಾಡಿನ ಹಿಂದೆ ಗುಡುಗು ಕೇಳುತ್ತದೆ. ಮೊದಲ ಸುತ್ತಿನಲ್ಲಿ ಕಾರುಗಳು ಗುಂಪಾಗಿ ಬರುವುದರಿಂದ ಪ್ಯಾನ್ ಮಾಡಿದರೆ ಯಾವುದನ್ನು ಹಿಂಬಾಲಿಸಿದೆವೋ ಅದು ಮಾತ್ರ ಉಳಿದು, ಮುಂದಿನದು ಹಿಂದಿನದು ಸ್ವಲ್ಪ ಸ್ವಲ್ಪ ಕಲಸಿರುತ್ತವೆ. ಒಂದರ ಮೇಲೆ ಇನ್ನೊಂದು ಗೆದ್ದಿತೆಂಬ ಭ್ರಮೆ ಹುಟ್ಟಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಪತ್ರಿಕೆಗಳು ಹೀಗೆಯೇ ಹಿಂದುಳಿದವನನ್ನು ನಾಯಕನಾಗಿಸುತ್ತವೆ.

ಸುತ್ತಿಗೆ ವೇಗದ ಕಾರುಗಳಿಗೂ ಎಂಟು ನಿಮಿಷ ಮೀರಿ ಬೇಕು. ಒಂದು ಕಾರು ತಪ್ಪಿತೆಂದರೆ ಅಷ್ಟು ಹೊತ್ತು ಕಾಯಬೇಕು, ಆ ನಡುವೆ ಬೆಳಕು ಬದಲಾಗಿರುತ್ತದೆ. ಕಂಬಳದ ಗದ್ದೆಯ ಅಂಚಿನಲ್ಲಿ ಕ್ಯಾಮೆರಾ ಹಿಡಿದು ಬೆಳೆದ ನನಗೆ ಇದು ಹೊಸ ಅನುಭವ. ಅಲ್ಲಿ ಕೋಣಗಳ ಓಟ ಕೆಲವೇ ಸೆಕೆಂಡುಗಳದು, ಎಲ್ಲರೂ ಎದುರಿಗೆ ನಿಂತು 1/2000ರಲ್ಲಿ ನೀರಿನ ಹನಿಗಳನ್ನು ಹರಳುಗಟ್ಟಿಸುತ್ತಾರೆ. ಪ್ರಶಸ್ತಿ ಬರುವುದೂ ಅವಕ್ಕೇ. ಪಕ್ಕದಲ್ಲಿ ನಿಂತು 1/20ರಲ್ಲಿ ಓಡಿಸುವವನ ಬೆನ್ನನ್ನು ಹಿಂಬಾಲಿಸಿದ ಚಿತ್ರಗಳು ಅಪರೂಪ. ಅದೇ ಕೈ ಇಲ್ಲಿ ಉಪಯೋಗಕ್ಕೆ ಬಂತು: ಪಾದ ಮುಂದೆ ಕಾರು ತಲುಪಬೇಕಾದ ಕಡೆಗೆ, ಸೊಂಟದಿಂದ ತಿರುಗುವುದು, ಶಟರ್ ಒತ್ತಿದ ಮೇಲೂ ತಿರುಗುತ್ತಲೇ ಇರುವುದು.

ಎಂಟೂವರೆ ಗಂಟೆಗೆ ಸೂರ್ಯ ಕಾಡಿನ ಮಟ್ಟಕ್ಕೆ ಇಳಿದ. ಮಾಂಸ ಸುಡುವ ಹೊಗೆ ಟ್ರ್ಯಾಕ್ ಮೇಲೆ ಚಿನ್ನದ ಪರದೆಯಂತೆ ತೂಗುತ್ತಿತ್ತು. ಒಂಬತ್ತೂಕಾಲರ ಸುಮಾರಿಗೆ ಸೂರ್ಯ ಮುಳುಗಿ, ಆಕಾಶ ನೀಲಿಯಾಗಿ ಉಳಿದು, ಅಟ್ಟಣಿಗೆಗಳ ದೀಪದ ಸರಗಳು ಹೊತ್ತಿಕೊಂಡವು. ನಾನು ಹುಡುಕುತ್ತಿದ್ದ ಹಿನ್ನೆಲೆ ನನ್ನದೇ ಡೇರೆಯ ಬಳಿಯಿತ್ತು! ರಸ್ತೆ ಅಲ್ಲಿ ಬಾಗುವುದರಿಂದ, ಬೇಲಿಯ ಉದ್ದಕ್ಕೆ ಕೆಳಗೆ ಹೋಗಿ ತಿರುಗಿ ನೋಡಿದರೆ ಕಾರುಗಳ ಹಿಂದೆ ನಮ್ಮ ಅಟ್ಟಣಿಗೆಯ ಸಾಲು ಕಾಣುತ್ತದೆ. 1/10ಕ್ಕೆ ಇಳಿಸಿದೆ. ದೀಪದ ಪ್ರತಿ ಬಲ್ಬೂ ಒಂದೊಂದು ನೂಲಾಯಿತು. ಕೆಂಪು, ಹಸಿರು, ಕೇಸರಿ ನೂಲುಗಳ ಮುಂದೆ ಒಂದು ಬಿಎಂಡಬ್ಲ್ಯು ಮೂತಿ. ಕೆಲವು ಕಾರುಗಳ ಹಿಂದಿನ ದೀಪಗಳು ಅಖಂಡ ಗೆರೆಯ ಬದಲು ಚುಕ್ಕೆಚುಕ್ಕೆಯಾಗಿ ಬಂದವು. ಎಲ್‌ಇಡಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತವೆ, ನಿಧಾನದ ಶಟರ್ ಆ ಗುಟ್ಟನ್ನು ಹೊರಗೆಡವುತ್ತದೆ.

ಶಟರ್ ತೆರೆದಿರುವಾಗ ಜೂಮ್ ಎಳೆದು ಎಲ್ಲವನ್ನೂ ನಡುವಿನಿಂದ ಚಿಮ್ಮಿಸುವ ತಂತ್ರವನ್ನು ಪಕ್ಕದ ಹುಡುಗನೊಬ್ಬ ಉತ್ಸಾಹದಿಂದ ಮಾಡುತ್ತಿದ್ದ. ನನಗೆ ಅದು ಹಿಡಿಸದು. ಅದರಲ್ಲಿ ಕಾಣುವ ವೇಗ ಲೆನ್ಸಿನದು, ಕಾರಿನದಲ್ಲ.

ಭಾನುವಾರ

ಚಳಿಯಲ್ಲಿ ಎದ್ದಾಗ ಐದೂವರೆ ಕಳೆದಿತ್ತು, ಸೂರ್ಯ ಬರುವ ಹೊತ್ತು. ಐಫೆಲ್ ಬೆಟ್ಟಗಳಲ್ಲಿ ಮಂಜು ಬಂದರೆ ಸ್ಪರ್ಧೆಯೇ ನಿಲ್ಲುತ್ತದೆ. 2021ರಲ್ಲಿ ರಾತ್ರಿಯೆಲ್ಲ ನಿಂತಿತ್ತು. ಈ ಬಾರಿ ಆಕಾಶ ತೊಳೆದಿಟ್ಟಂತಿತ್ತು. ರಾತ್ರಿಯ ಕೊಳೆ ಮೆತ್ತಿದ ಕಾರುಗಳು, ಟೇಪ್ ಸುತ್ತಿದ ಮೂತಿಗಳು. ಇವನ್ನು ಮಸುಕಾಗಿಸಲು ಮನಸ್ಸು ಬರಲಿಲ್ಲ. 1/250ರಲ್ಲಿ ಗಾಯಗಳನ್ನು ಗಾಯಗಳಾಗಿಯೇ ತೆಗೆದೆ.

ಅಪಘಾತವಾದ ಕಡೆ ‘ಕೋಡ್ 60’ ಫಲಕ ಬರುತ್ತದೆ, ಕಾರುಗಳು ಗಂಟೆಗೆ 60 ಕಿ.ಮೀ. ಮೀರಬಾರದು. ಎಲ್ಲರೂ ಕ್ಯಾಮೆರಾ ಇಳಿಸಿ ಕಾಫಿ ಕುಡಿಯುತ್ತಾರೆ. 1/8ಕ್ಕೆ ಇಳಿದರೆ ಆಗಲೂ ಗೆರೆಗಳು ಉದ್ದವೇ, ಕಾರು ಹಿಡಿಯುವುದು ಸುಲಭವೇ. ನೋಡುವವನಿಗೆ ಅದು ಗಂಟೆಗೆ 250 ಕಿ.ಮೀ. ಎನಿಸಿದರೆ ನಾನು ತಿದ್ದಲು ಹೋಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫ್ರಿಕಾಡೆಲಿ ತಂಡದ ಫೆರಾರಿ 296 ಮುಂದಿತ್ತು, ಅದರ ಹಿಂದೆ ಬಿಎಂಡಬ್ಲ್ಯು. 162 ಸುತ್ತುಗಳ ಕೊನೆಗೆ ಅಂತರ ಅರ್ಧ ನಿಮಿಷಕ್ಕಿಂತ ಕಡಿಮೆ. ಈ ಸ್ಪರ್ಧೆಯನ್ನು ಫೆರಾರಿ ಗೆದ್ದದ್ದು ಅದೇ ಮೊದಲು, ಅಷ್ಟು ಸುತ್ತು ಹಿಂದೆ ಯಾರೂ ಓಡಿರಲಿಲ್ಲ. ಜರ್ಮನ್ ಕಾರುಗಳ ನಿಷ್ಠಾವಂತರಾದ ನನ್ನ ನೆರೆಯವರಿಗೆ ಇದು ನುಂಗಲಾರದ ತುತ್ತು. ತಂಡ ಜರ್ಮನಿಯದೇ ತಾನೇ ಎಂದು ಸಮಾಧಾನ ಹೇಳಿಕೊಂಡರು.

ಅಟ್ಟಣಿಗೆ ಬಿಚ್ಚುವ ಮುನ್ನ ಚಿತ್ರಗಳನ್ನು ತೋರಿಸಿದೆ. ಶನಿವಾರ ಸಂಜೆಯ ಒಂದರಲ್ಲಿ ಪೋರ್ಶೆಯ ಹಿಂದೆ ಅಗಲವಾದ ಹಳದಿ ಪಟ್ಟೆ ಓಡಿತ್ತು. ‘ಇದು ನೀವು’ ಎಂದೆ. ಬಸ್ ಚಾಲಕ ತಮ್ಮ ಹಳದಿ ಜಾಕೆಟ್ಟನ್ನೂ ಪರದೆಯನ್ನೂ ಎರಡೆರಡು ಸಲ ನೋಡಿ, ಅದರದೇ ದೊಡ್ಡ ಪ್ರತಿ ಬೇಕು, ಹಜಾರದಲ್ಲಿ ಹಾಕುತ್ತೇನೆ ಎಂದರು. ಹೆಂಡತಿ ನನ್ನ ವಿಳಾಸ ಬರೆದುಕೊಳ್ಳುತ್ತಾ, ಮುಖ ಕಾಣುವುದೂ ಒಂದಿದ್ದರೆ ಕಳುಹಿಸಿ, ಮಕ್ಕಳು ನಂಬುವುದಿಲ್ಲ ಎಂದರು.